ಜಗಲಿಯ ಮೇಲಿನ ಕಟ್ಟು



ಕಳೆದ ಶ್ರಾವಣದಲ್ಲಿ ತಿಕೋಟಾ ತಾಲೂಕಿನ ಹೊನವಾಡದಲ್ಲಿ ಪರಿಚಿತರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ದೇವರ ಜಗಲಿಯ ಮೇಲೆ ಕೆಂಪು ವಸ್ತ್ರ ಸುತ್ತಿದ ತಾಡೋಲೆಯ ಕಟ್ಟೊಂದಿತ್ತು. ಅದಕ್ಕೆ ವಿಭೂತಿ ಧರಿಸಿ, ಪತ್ರಿ ಏರಿಸಿ, ತಲೆಮಾರುಗಳಿಂದ ಪೂಜೆ ನಡೆದುಬಂದಿದೆ. ಮನೆಯ ಪುಟ್ಟ ಮೊಮ್ಮಗಳು, “ಅಜ್ಜಾ, ಇದರಾಗ ಏನ ಬರದಾರ?” ಎಂದು ಕೇಳಿದಳು. “ಸುಮ್ಮ ಕೈ ಮುಗಿಯವ್ವಾ” ಎಂದರು ಹಿರಿಯರು. ಮರುಕ್ಷಣವೇ ನಮ್ಮತ್ತ ತಿರುಗಿ, “ನೀವು ಪತ್ರಿಕೇದಾಗ ಬರೆಯೋರು, ನೀವs ಓದಿ ಹೇಳ್ರಿ” ಎಂದರು. ಕಟ್ಟು ಬಿಚ್ಚಿತು. ಪದಗಳ ನಡುವೆ ತೆರಪಿಲ್ಲದ, ಮಸಿ ಮಾಸಿದ ಆ ಸಾಲುಗಳಲ್ಲಿ ನಾಲ್ಕು ಅಕ್ಷರ ಕೂಡಿಸುವಷ್ಟರಲ್ಲಿ ನಾವು ಬೆವತುಹೋದೆವು. ಓದಲು ಬಾರದೆಂದು ಆ ಮಗುವಿನ ಎದುರು ಒಪ್ಪಿಕೊಳ್ಳಬೇಕಾಯಿತು.

ಶತಮಾನದ ಹಿಂದೆ ಇಂಥ ಕಟ್ಟುಗಳು ಈ ಸೀಮೆಯ ಎಷ್ಟೋ ಮನೆ, ಮಠಗಳಲ್ಲಿದ್ದವು. ಅವಕ್ಕೆ ಪೂಜೆಯ ಕೊರತೆಯಿರಲಿಲ್ಲ. ಬಿಚ್ಚಿ ನೋಡುವವರ ಕೊರತೆಯಿತ್ತು. ಒಳಗೇನಿದೆ ಎಂದು ಕೇಳಿದವರು ಫ.ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, ಕಾನೂನು ಓದಿ, ಆಗಿನ ಬಿಜಾಪುರದಲ್ಲಿ ವಕೀಲಿ ವೃತ್ತಿಗೆ ನಿಂತವರು. ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲಬಲ್ಲ ಆ ಪದವೀಧರರು ಓಲೆಗಳಿಗಾಗಿ ಊರೂರು ಅಲೆದರು, ಕಂಡವರ ಮನೆ ಬಾಗಿಲಲ್ಲಿ ಬೇಡಿ ನಿಂತರು. ದೇವರ ಜಗಲಿಯಿಂದ ಪೋಥಿಯನ್ನು ಇಳಿಸಿ ಪರರ ಕೈಗೆ ಕೊಡುವುದು ಸುಲಭದ ಮಾತೇ? ನಮ್ಮ ಮನೆಯದಾದರೆ ನಾವೇ ಕೊಡುತ್ತಿದ್ದೆವೋ ಇಲ್ಲವೋ! ದೊರೆತ ಮೇಲೂ ದುಡಿಮೆ ಮುಗಿಯುವುದಿಲ್ಲ. ಲಿಪಿಕಾರರು ಬದಲಾದಂತೆ ಪಾಠವೂ ಬದಲಾಗುತ್ತದೆ. ಒಂದು ಪ್ರತಿಯನ್ನು ಮತ್ತೊಂದರೊಡನೆ ಹೋಲಿಸಬೇಕು, ನಿನ್ನೆ ತಾನೇ ಸರಿಯೆಂದು ಬರೆದುದನ್ನು ಇಂದು ಹೊಡೆದುಹಾಕಬೇಕು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಅನಂತರ ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. 1964ರ ಜೂನ್ 29ರಂದು ಲಿಂಗೈಕ್ಯರಾದರು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವ ವಚನಗಳ ಹಿಂದೆ, ತಮಗೆ ತಿಳಿಯದುದನ್ನು ಕೇಳಲು ನಾಚದ ಒಬ್ಬ ವಕೀಲರ ಸವೆದ ಪಾದರಕ್ಷೆಗಳಿವೆ.

ಪಾಂಡಿತ್ಯದಲ್ಲಿ ಅವರಿಗಿಂತ ಮಿಗಿಲಾದವರು ಆ ಕಾಲದಲ್ಲಿಯೂ ಇದ್ದಿರಬೇಕು. ಆದರೆ ತಿಳಿದಿದೆಯೆಂದು ಕುಳಿತವರಿಗೆ ಅಲೆದಾಟವೇಕೆ?

ಹೊನವಾಡದ ಹಿರಿಯರಿಗೆ ನಾವು ಹೇಳಿದ್ದಿಷ್ಟು: ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರವಿದೆ, ಬಲ್ಲವರಿಗೊಮ್ಮೆ ತೋರಿಸೋಣ, ಕಟ್ಟು ನಿಮ್ಮದೇ, ಜಗಲಿಯೂ ಬರಿದಾಗದು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಕೈಕಾಲು ತೊಳೆದು ಬಂದು, ಬೆರಳ ತುದಿಯಿಂದ ಗರಿಗಳನ್ನು ಎಣಿಸತೊಡಗಿದ್ದಳು. ಈ ಸಲ ಅಜ್ಜ ಅವಳನ್ನು ತಡೆಯಲಿಲ್ಲ. “ಸಾವಕಾಶ, ಮುರದಾವು” ಎಂದಷ್ಟೇ ಅಂದರು.