ಮುಂಗಡ ಕೊಡಬೇಕಾದವರು ಯಾರು?

ಹಾವೇರಿ ಜಿಲ್ಲೆಯಲ್ಲಿರುವ ನನ್ನ ಮಿತ್ರರೊಬ್ಬರ ಮಗಳು ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, ಬೆಂಗಳೂರಿನ ತಂತ್ರಾಂಶ ಕಂಪನಿಯೊಂದರಲ್ಲಿ ಉದ್ಯೋಗವನ್ನು ಸಂಪಾದಿಸಿ, ವಾಸಕ್ಕೊಂದು ಮನೆಯನ್ನು ಹುಡುಕುವುದಕ್ಕಾಗಿ ಗೆಳತಿಯೊಡನೆ ನಾಲ್ಕು ದಿನ ಆ ಮಹಾನಗರದ ಬೀದಿಗಳನ್ನು ಅಲೆದು, ಐದನೆಯ ದಿನ ತಂದೆಗೆ ಫೋನು ಮಾಡಿದಾಗ ನಾನು ಅವರ ಪಕ್ಕದಲ್ಲಿಯೇ ಕುಳಿತಿದ್ದೆ.

"ಅಪ್ಪಾ, ಮನಿ ಸಿಕ್ಕೇತಿ. ಅಡ್ವಾನ್ಸಿಂದು ಒಂದು ಮಾತು ಮಾತಾಡಬೇಕಿತ್ತು" ಎಂದಳು.

ಮಿತ್ರರ ಮುಖ ಅರಳಿತು. "ಭಾಳ ಚಲೋ ಆತವ್ವಾ. ಕಂಪನಿಯವರು ಎಷ್ಟು ಕೊಡ್ತಾರಂತ?"

ಆ ಕಡೆ ಒಂದು ಗಳಿಗೆ ಮಾತಿಲ್ಲ. "ಅವರು ಕೊಡೂದಲ್ಲಪ್ಪಾ, ನಾವ ಕೊಡಬೇಕು. ಹತ್ತು ತಿಂಗಳ ಬಾಡಿಗಿ."

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರುವ ಒಕ್ಕಲಿಗನಿಗೆ ಮುಂಗಡವೆಂಬ ಪದ ಹೊಸದಲ್ಲ. ಕಬ್ಬು ಕಡಿಯುವ ತಂಡಕ್ಕೆ ಹಂಗಾಮು ತೊಡಗುವ ಮೊದಲೇ ಮುಂಗಡ ಸಲ್ಲುತ್ತದೆ. ಬಾವಿ ತೋಡುವವನಿಗೂ ಮದುವೆಯ ಅಡುಗೆ ಭಟ್ಟನಿಗೂ ಸಲ್ಲುತ್ತದೆ. ಎಲ್ಲೆಲ್ಲಿಯೂ ಅದು ಕೆಲಸ ಮಾಡಿಸಿಕೊಳ್ಳುವವನ ಕೈಯಿಂದ ಕೆಲಸ ಮಾಡುವವನ ಕೈಗೆ ಹರಿಯತಕ್ಕ ಹಣ. ಅದೇ ಮುಂಗಡ ಬೆಳೆದು ಬಡವರನ್ನು ತಲೆಮಾರುಗಟ್ಟಲೆ ಜೀತಕ್ಕೆ ಕಟ್ಟಿಹಾಕಿದ್ದೂ ಉಂಟು. 1976ರಲ್ಲಿ ಜೀತಪದ್ಧತಿಯ ನಿರ್ಮೂಲನಕ್ಕಾಗಿ ಶಾಸನವಾದದ್ದು ಆ ಕಾರಣದಿಂದಲೇ. ಆದರೆ ದುಡಿಯಲು ಬಂದವನೇ ದುಡಿಮೆಯ ಮೊದಲ ದಿನಕ್ಕೆ ಮುನ್ನ ಹಣ ಎಣಿಸಿಕೊಡಬೇಕೆಂಬ ಪದ್ಧತಿಯನ್ನು ನನ್ನ ಮಿತ್ರರು ಅಂದು ಪ್ರಥಮತಃ ಕೇಳಿದರು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ವೇತನವು ಒಂದು ದಶಕಕ್ಕೂ ಮೇಲ್ಪಟ್ಟು ಮೂರರಿಂದ ನಾಲ್ಕು ಲಕ್ಷದ ನಡುವೆಯೇ ನಿಂತಿದೆಯೆಂಬುದು ಆ ವೃತ್ತಿಯವರೆಲ್ಲರೂ ಬಲ್ಲ ಸಂಗತಿ. ಮೂರೂವರೆ ಲಕ್ಷವೆಂದು ಹಿಡಿದರೆ ತಿಂಗಳಿಗೆ ಸುಮಾರು 29,000 ರೂಪಾಯಿ. ಸಿ.ಟಿ.ಸಿ. ಎಂಬ ಮೂರಕ್ಷರದ ಹೊಟ್ಟೆಯೊಳಗೆ ಕಂಪನಿಯ ಪಾಲಿನ ಭವಿಷ್ಯನಿಧಿ, ಗ್ರಾಚ್ಯುಟಿ, ವಿಮೆ ಮೊದಲಾದುವೆಲ್ಲ ಅಡಗಿರುವುದರಿಂದ, ಅವನ್ನು ಕಳೆದು ಕೈಗೆ ಬರುವುದು 25,000ದ ಆಸುಪಾಸು. ಇಬ್ಬರು ಹೆಣ್ಣುಮಕ್ಕಳು ಕೂಡಿ 18,000 ರೂಪಾಯಿ ಬಾಡಿಗೆಯ ಒಂದು ಪುಟ್ಟ ಮನೆ ಹಿಡಿದರೆನ್ನೋಣ: ಹತ್ತು ತಿಂಗಳ ಅಡ್ವಾನ್ಸು 1,80,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಬೇರೆ. ಒಟ್ಟು 2,16,000. ತಲೆಗೆ 1,08,000 ಎಂದರೆ, ಇನ್ನೂ ಕೈಸೇರದ ಸಂಬಳದ ನಾಲ್ಕು ತಿಂಗಳಿಗೂ ಮಿಕ್ಕ ಮೊತ್ತವಾಯಿತು.

ಈ ಹಣ ಎಲ್ಲಿಂದ ಬರಬೇಕು? ಊರಿನಿಂದಲೇ. ಮಗಳು ಪಟ್ಟಣದಲ್ಲಿ ಸಂಪಾದಿಸಿ ಮನೆಗೆ ಕಳುಹಿಸುವಳೆಂದು ನೆರೆಹೊರೆಯವರು ಆಡಿಕೊಳ್ಳುತ್ತಿರುವ ಆ ದಿನಗಳಲ್ಲಿಯೇ, ವಾಸ್ತವದಲ್ಲಿ ಹಣವು ಹಳ್ಳಿಯಿಂದ ಮಹಾನಗರದ ಕಡೆಗೆ, ತಾಯಿಯ ಬಳೆಯಾಗಿಯೋ ಸೊಸೈಟಿಯ ಸಾಲವಾಗಿಯೋ ಮಾರಿದ ಮೆಣಸಿನಕಾಯಿಯ ಚೀಲವಾಗಿಯೋ ಪ್ರವಹಿಸುತ್ತಿರುತ್ತದೆ. ನನ್ನ ಮಿತ್ರರು ಕೈಗಡ ತಂದದ್ದು ಒಂದು ಲಕ್ಷ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಗೆ. ವರ್ಷಕ್ಕೆ 24,000 ರೂಪಾಯಿ ಬಡ್ಡಿಯೆಂದರೆ ಮಗಳ ಒಂದು ತಿಂಗಳ ಸಂಬಳವಷ್ಟೆ. ನೋಂದಣಿಯ ತೊಡಕನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಬೆಂಗಳೂರಿನ ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೆ ಬರೆಯಲ್ಪಡುವುದು ವಾಡಿಕೆ; ಈ ಹುಡುಗಿಗೆ ಕರಾರಿನ ವರ್ಷದಂತೆ ಸಂಬಳದ ವರ್ಷಕ್ಕೂ ಹನ್ನೊಂದೇ ತಿಂಗಳಾದವು. ಮಾಲೀಕರ ಬಳಿ ಕುಳಿತ ಅಡ್ವಾನ್ಸಿಗಾದರೋ ಬಡ್ಡಿಯಿಲ್ಲ. ಮನೆ ಬಿಡುವಾಗ ಸುಣ್ಣ-ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದು ಉಳಿದದ್ದು ಹಿಂದಕ್ಕೆ ಬರುತ್ತದೆ. ಅದೇ ಬೀದಿಗಳ ಫಲಕಗಳಲ್ಲಿ 'ಭೋಗ್ಯಕ್ಕೆ' ಎಂಬ ಹಳೆಯ ಪದವೂ ಕಾಣುತ್ತದಲ್ಲವೆ? ಭೋಗ್ಯವಾದರೆ ದೊಡ್ಡ ಗಂಟನ್ನು ಕೊಟ್ಟುದಕ್ಕೆ ಪ್ರತಿಯಾಗಿ ಬಾಡಿಗೆಯಾದರೂ ತಪ್ಪುತ್ತದೆ. ಅಡ್ವಾನ್ಸಿನಲ್ಲಿ ಎರಡನ್ನೂ ತೆರಬೇಕು.

ಪೀಜಿಗಳಿಲ್ಲವೆ ಎಂದು ಕೆಲವರು ಕೇಳಿಯಾರು. ಇವೆ, ಸಾವಿರಾರು ಮಂದಿ ಕೋಣೆಗೆ ಮೂವರಂತೆ ಅಲ್ಲಿಯೇ ದಿನ ಕಳೆಯುತ್ತಾರೆ. ಆದರೆ ತಮ್ಮನನ್ನು ಕಾಲೇಜಿಗೆ ಸೇರಿಸಬೇಕಾದಾಗ, ತಾಯಿಯನ್ನು ಕಣ್ಣಿನ ಚಿಕಿತ್ಸೆಗೆ ಕರೆತರಬೇಕಾದಾಗ, ಅಥವಾ ತನ್ನ ಕೈಯಡುಗೆಯ ಒಂದು ಜೋಳದ ರೊಟ್ಟಿ ಬೇಕೆನಿಸಿದಾಗ ಮನುಷ್ಯನಿಗೆ ಮನೆಯೇ ಬೇಕು, ಮಂಚ ಸಾಲದು.

ಈ ನಗರಕ್ಕೆ ಪರಸ್ಥಳದವರು ಉದ್ಯೋಗಾರ್ಥಿಗಳಾಗಿ ಬರುವುದು ಇಂದು ನಿನ್ನೆಯ ಮಾತಲ್ಲ. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪಿತವಾದುವು. ಆ ಕಾಲದ ತಂತ್ರಜ್ಞಾನವೆಂದರೆ ವಿಮಾನ, ಟೆಲಿಫೋನು, ಗಡಿಯಾರ, ರೇಡಿಯೊ. ಆ ಕಾರ್ಖಾನೆಗಳನ್ನು ಕಟ್ಟಿದವರು ಯಂತ್ರಗಳಿಗೆ ಮಾಡು ಹಾಕಿ ಸುಮ್ಮನಾಗಲಿಲ್ಲ. ಯಂತ್ರವನ್ನು ನಡೆಸುವವನಿಗೂ ಮಾಡು ಬೇಕೆಂಬುದನ್ನು ಯೋಜನೆಯ ಅಂಗವಾಗಿಯೇ ಎಣಿಸಿ, ಜಾಲಹಳ್ಳಿಯಲ್ಲಿ ಕಾಲೊನಿಗಳನ್ನೂ, ಐ.ಟಿ.ಐ. ಸುತ್ತ ದೂರವಾಣಿನಗರವನ್ನೂ ನಿರ್ಮಿಸಿದರು. ಶಾಲೆ, ಆಸ್ಪತ್ರೆ, ಆಟದ ಬಯಲುಗಳನ್ನು ಜೊತೆಗಿತ್ತರು. ವಸತಿಗೃಹ ಎಲ್ಲರಿಗೂ ದೊರೆಯಲಿಲ್ಲವೆಂಬುದು ನಿಜ. ಆದರೂ ಕೆಲಸಗಾರನ ವಾಸದ ಪ್ರಶ್ನೆ ಕೆಲಸ ಕೊಡುವವನದೂ ಹೌದೆಂಬ ತತ್ತ್ವಕ್ಕೆ ಅಂದು ಮಾನ್ಯತೆಯಿದ್ದಿತು.

ಮುಂದೆ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ತೊಡಗಿಸಿತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು, ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಗಾಜಿನ ಸೌಧಗಳು ಎದ್ದುವು. ಅವುಗಳೊಳಗೆ ಉಪಾಹಾರಮಂದಿರ, ವ್ಯಾಯಾಮಶಾಲೆಗಳು ತೆರೆದುವು. ಮನೆಯ ವಿಷಯವನ್ನು ಮಾತ್ರ ಪೇಟೆಯ ಕೈಗೆ ಬಿಟ್ಟದ್ದಾಯಿತು. ಮನೆಯನ್ನು ಕೊಡುವ ಶಕ್ತಿ ಈ ಉದ್ಯಮಕ್ಕೆ ಇಲ್ಲವೆನ್ನುವಂತಿಲ್ಲ: ಮೈಸೂರಿನಲ್ಲಿ ಇನ್ಫೋಸಿಸ್ ಕಟ್ಟಿರುವ ತರಬೇತಿಯ ಆವರಣದಲ್ಲಿ ಸಾವಿರಾರು ಮಂದಿ ಹೊಸಬರು ತಂಗಿ ಕಲಿಯುತ್ತಾರೆ. ಕಲಿಯುವಾಗ ಸೂರುಂಟು, ಕಲಿತು ಬೆಂಗಳೂರಿಗೆ ನೇಮಕವಾದ ಮರುದಿನದಿಂದ ಅದು ಅವರವರ ಪಾಡು. ರಾಜ್ಯವೂ ತನ್ನ ಪಾಲಿನ ಸಾಲವನ್ನು ಬಹಳ ನಿಧಾನವಾಗಿ ತೀರಿಸಿತು. ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಮೆಟ್ರೊ ರೈಲು ಓಡಿದ್ದು 2025ರ ಆಗಸ್ಟ್ ತಿಂಗಳಿನಲ್ಲಿ, ಆ ಪ್ರದೇಶ ಹುಟ್ಟಿದ 47 ವರ್ಷಗಳ ತರುವಾಯ. ದೂರದಲ್ಲಿ ಅಗ್ಗವಾಗಿ ವಾಸಿಸಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವ ದಾರಿಯಿಲ್ಲದಿದ್ದಾಗ ಎಲ್ಲರೂ ಕಚೇರಿಯ ನೆರೆಯಲ್ಲಿಯೇ ಮನೆ ಹುಡುಕಬೇಕಾಗುತ್ತದೆ. ಎಲ್ಲರೂ ಒಂದೆಡೆ ಹುಡುಕಿದಾಗ ಬಾಡಿಗೆ ಏರುತ್ತದೆ. ಬಾಡಿಗೆ ಒಂದು ಪಾಲು ಏರಿದಾಗ ಅಡ್ವಾನ್ಸು ಹತ್ತು ಪಾಲು ಏರುತ್ತದೆ.

ಹಾಗೆಂದು ಮನೆಯ ಮಾಲೀಕನನ್ನು ಖಳನನ್ನಾಗಿ ಚಿತ್ರಿಸುವುದು ನ್ಯಾಯವಲ್ಲ. ಆ ಹೆಣ್ಣುಮಕ್ಕಳಿಗೆ ಮನೆ ಕೊಟ್ಟವರನ್ನು ನಾನು ಕಂಡು ಮಾತನಾಡಿದೆ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ವೃದ್ಧರು. ಭವಿಷ್ಯನಿಧಿಯ ಹಣದಲ್ಲಿ ಕಟ್ಟಿಸಿದ ಮೇಲಂತಸ್ತಿನ ಬಾಡಿಗೆಯೇ ಅವರ ಜೀವನಾಧಾರ. "ಹಿಂದೊಮ್ಮೆ ಒಬ್ಬ ಬಾಡಿಗೆ ಕೊಡದೆ ಎರಡು ವರ್ಷ ಕೂತ ಸ್ವಾಮಿ. ಕೋರ್ಟಿಗೆ ಅಲೆದು ಅಲೆದು ನನ್ನ ಮಂಡಿ ಹೋಯಿತು. ಅಡ್ವಾನ್ಸು ಇಲ್ಲದೆ ಹೇಗೆ ಕೊಡಲಿ?" ಎಂದರು. ನೀವು ಕೆಲಸಕ್ಕೆ ಸೇರಿದಾಗ ಮನೆಗೆ ಎಷ್ಟು ಅಡ್ವಾನ್ಸು ಕೊಟ್ಟಿರಿ ಎಂದು ಕೇಳಿದೆ. ಅವರು ನಕ್ಕರು. "ನನಗೇಕೆ ಅಡ್ವಾನ್ಸು? ಕ್ವಾರ್ಟರ್ಸ್ ಕೊಟ್ಟಿದ್ದರು. ಬೀಗದ ಕೈ ಈಸಿಕೊಂಡು ರುಜು ಹಾಕಿದೆ, ಅಷ್ಟೆ."

ನ್ಯಾಯವು ತಡವಾಗುವ ಊರಿನಲ್ಲಿ ಅಡ್ವಾನ್ಸೇ ಮಾಲೀಕನ ನ್ಯಾಯಾಲಯ. ಆದಕಾರಣ ಬರಿಯ ಮಿತಿಯನ್ನು ವಿಧಿಸಿದರೆ ಸಾಲದು. ಆತನ ಭಯವನ್ನೂ ನೀಗಬೇಕು. ಕೇಂದ್ರ ಸರ್ಕಾರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಈ ಎರಡೂ ಉಂಟು: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದು, ವ್ಯಾಜ್ಯಗಳನ್ನು 60 ದಿನಗಳೊಳಗೆ ತೀರ್ಮಾನಿಸಲು ಪ್ರತ್ಯೇಕ ಬಾಡಿಗೆ ನ್ಯಾಯಾಲಯಗಳಿರಬೇಕು. ಆದರೆ ಮಾದರಿಯು ಮಾದರಿಯೇ. ಅದಕ್ಕೆ ಬಲ ಬರುವುದು ರಾಜ್ಯವು ಶಾಸನಮಾಡಿ, ಆ ನ್ಯಾಯಾಲಯಗಳಿಗೆ ಅಧಿಕಾರಿಗಳನ್ನು ಕೂರಿಸಿದಾಗ. ಮೊದಲರ್ಧವನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಬಿಟ್ಟರೆ ಹತ್ತು ತಿಂಗಳ ಹಣವು ಕರಾರಿನಿಂದ ಮಾಯವಾಗಿ ಕೈಯಡಿಯ ವ್ಯವಹಾರವಾಗುವುದು ನಿಶ್ಚಯ.

ಶಾಸನಕ್ಕೆ ಕಾಲ ಹಿಡಿಯುತ್ತದೆ. ಕಂಪನಿಗಳು ಮಾಡಬಹುದಾದುದಕ್ಕೆ ಒಂದು ಸುತ್ತೋಲೆ ಸಾಕು. ಸರ್ಕಾರಿ ನೌಕರನಿಗೆ ಹಬ್ಬದ ಮುಂಗಡವೆಂಬುದೊಂದುಂಟು: ಬಡ್ಡಿಯಿಲ್ಲದೆ ಕೊಟ್ಟು, ಕಂತು ಕಂತಾಗಿ ಸಂಬಳದಲ್ಲಿ ಹಿಡಿಯುವ ಹಣ. ಹೊಸದಾಗಿ ಊರು ಬಿಟ್ಟು ಬರುವ ನೌಕರನಿಗೆ ಮನೆಯ ಮುಂಗಡವನ್ನು ಕಂಪನಿಯು ಅದೇ ರೀತಿಯಲ್ಲಿ ಏಕೆ ಕೊಡಬಾರದು? ಒಂದು ಲಕ್ಷದ ಮೇಲಿನ ಬಡ್ಡಿಯ ಭಾರವು ಬ್ಯಾಂಕಿನ ದರದಲ್ಲಿ ಹಣ ತರಬಲ್ಲ ಕಂಪನಿಗೆ ಅಲ್ಪ; ನೂರಕ್ಕೆ ಎರಡರಂತೆ ತರುವ ಒಕ್ಕಲಿಗನಿಗೆ ಅದು ಮಗಳ ಒಂದು ತಿಂಗಳ ದುಡಿಮೆ. ಅವಧಿಗೆ ಮುನ್ನ ಕೆಲಸ ಬಿಡುವವನು ಉಳಿದ ಕಂತನ್ನು ತೆತ್ತು ಹೋಗತಕ್ಕದ್ದೆಂಬ ಒಂದು ಷರತ್ತು ಸಾಕು; ಅದರ ಹೆಸರಿನಲ್ಲಿ ಯಾರನ್ನೂ ಕಟ್ಟಿಹಾಕಕೂಡದು. ಜೀತದ ನೆನಪಿರುವ ನಾಡಿನಲ್ಲಿ ಈ ಎಚ್ಚರಿಕೆಯ ಮಾತನ್ನು ಹೇಳಿಯೇ ಮುಂದುವರಿಯಬೇಕು.

ಉದ್ಯೋಗಗಳನ್ನೇ ಹುಬ್ಬಳ್ಳಿಗೂ ಮಂಗಳೂರಿಗೂ ಒಯ್ಯಬೇಕೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಅದು ಸಾಧುವಾದ ಮಾತೇ. ಅದು ಕೈಗೂಡುವ ತನಕ ರಾತ್ರಿಯ ಬಸ್ಸುಗಳು ಬೆಳಗಿನ ಜಾವದ ಮೆಜೆಸ್ಟಿಕ್ಕಿನಲ್ಲಿ ಹೊಸಬರನ್ನು ಇಳಿಸುತ್ತಲೇ ಇರುತ್ತವೆ.

ಮಿತ್ರರ ಮನೆಯಿಂದ ಹೊರಡುವಾಗ ಅವರು ತಮ್ಮ ಅಜ್ಞಾನಕ್ಕೆ ತಾವೇ ನಾಚಿ, "ನನಗ ತಿಳೀಲಿಲ್ಲ ನೋಡ್ರಿ, ಕಂಪನಿಯವರು ಕೊಡ್ತಾರ ಅಂತ ತಿಳಿದಿದ್ದೆ" ಎಂದರು. ಬೆಂಗಳೂರಿನ ಆ ವೃದ್ಧ ಮಾಲೀಕರು ತಮ್ಮ ಯೌವನದಲ್ಲಿ ಪಡೆದ ಬೀಗದ ಕೈಯ ಕಥೆಯನ್ನು ಕೇಳಿದ ಮೇಲೆ, ನಾಚಬೇಕಾದವರು ಅವರಲ್ಲವೆಂದು ನನಗೆ ಖಚಿತವಾಯಿತು. ಕಂಪನಿಯವರು ಎಷ್ಟು ಕೊಡುತ್ತಾರೆ? ಮಗಳಿಗೆ ಕೇಳಿದ ಆ ಪ್ರಶ್ನೆಯನ್ನು ನೇಮಕಾತಿಯ ಪತ್ರಕ್ಕೆ ರುಜು ಹಾಕುವವರನ್ನು ಕೇಳತಕ್ಕದ್ದು.