ಅಪ್ಪಯ್ಯನ ಕೋವಿ ಮತ್ತು ಬರಿಮೈ ಗುಂಡು



ಕಳೆದ ಸಂಚಿಕೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದವಳು ಈ ಸಲ ಕೋವಿಯ ಬಗ್ಗೆ ಬರೆಯಲು ಕೂತಿದ್ದಾಳೆ ಎಂದರೆ ನಿಮಗೆ ನಗು ಬರಬಹುದು. ನಗಿ, ತೊಂದರೆಯಿಲ್ಲ. ಆದರೆ ಕೊನೆಯವರೆಗೂ ಓದಿ.

ಹೋದ ತಿಂಗಳು ಒಂದು ರಾತ್ರಿ ಫೋನ್ ಬಂತು. ಅಮೆರಿಕದ ಕೊಲೊರಾಡೊದಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ. "ಅತ್ತೆ, ನಮ್ಮ ಅಜ್ಜಯ್ಯ ಕೋವಿಗೆ ಗುಂಡು ಹಾಕುವಾಗ ಸ್ಯಾಬೊ ಹಾಕುತ್ತಿದ್ದರಾ?" ಎಂದು ಕೇಳಿದ. "ಅಲ್ಲ ಮಾರಾಯ, ಸೇಬು ಗೊತ್ತು, ಸಾಬೂನು ಗೊತ್ತು. ಇದ್ಯಾವುದು ಸ್ಯಾಬೊ?" ಎಂದೆ. ಅವನು ನಕ್ಕು ವಿವರಿಸಿದ. ಅಲ್ಲಿ ಬಾಯಿಯಿಂದ ಮದ್ದುಗುಂಡು ತುಂಬುವ ಹಳೆಯ ಕಾಲದ ಕೋವಿಯವರಿಗೆಂದೇ ಬೇರೆ ಬೇಟೆಯ ಋತುವಿದೆ. ಅವನ ಸ್ನೇಹಿತರು ಅವನನ್ನೂ ಕರೆದಿದ್ದಾರೆ. ಆ ಋತುವಿನಲ್ಲಿ ಸ್ಯಾಬೊ ಬಳಸಬಾರದೆಂದು ಆ ರಾಜ್ಯದ ಕಾನೂನು. ಬಟ್ಟೆಯ ತುಂಡಿಗೆ ಮಾತ್ರ ಅಡ್ಡಿಯಿಲ್ಲ.

ಸ್ಯಾಬೊ ಎಂದರೆ ಫ್ರೆಂಚ್ ಭಾಷೆಯಲ್ಲಿ ಮರದ ಪಾದರಕ್ಷೆ. ಕೋವಿಯ ಲೋಕದಲ್ಲಿ ಅದು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಬಟ್ಟಲು. ನಳಿಗೆಗಿಂತ ಸಣ್ಣದಾದ ಗುಂಡನ್ನು ಅದರೊಳಗೆ ಕೂರಿಸಿ ತುಂಬುತ್ತಾರೆ. ಗುಂಡು ಹೊರಬಿದ್ದ ಮೇಲೆ ಬಟ್ಟಲು ಕಳಚಿ ಬೀಳುತ್ತದೆ. ಅದಿಲ್ಲದ ಗುಂಡನ್ನು ನಾನು ಬರಿಮೈ ಗುಂಡು ಎಂದು ಕರೆಯುತ್ತೇನೆ. ಬಟ್ಟಲಿನ ಸಹಾಯವಿಲ್ಲದೆ ತಾನೇ ನಳಿಗೆಗೆ ಸರಿಹೊಂದಬೇಕಾದ ಗುಂಡು ಅದು.

ನನ್ನ ತವರು ಕೊಪ್ಪದ ಕಡೆಯ ಮಲೆನಾಡು. ನಮ್ಮ ಅಪ್ಪಯ್ಯನ ಹತ್ತಿರ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿನಳಿಗೆಯ ಕೇಪಿನ ಕೋವಿ ಇತ್ತು. ಅದರ ನಳಿಗೆಯ ಒಳಮೈ ನುಣುಪು. ಮೊದಲು ಅಳತೆಯ ಮದ್ದು, ಮೇಲೆ ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು. ಒಂದೊಂದು ಸಲವೂ ಗಜದಿಂದ ಜಡಿಯಬೇಕು. ಗಜವೆಂದರೆ ನಳಿಗೆಯ ಕೆಳಗೆ ಸಿಕ್ಕಿಸಿಡುವ ಉದ್ದನೆಯ ಕಡ್ಡಿ. ಕಡೆಯಲ್ಲಿ ಕೇಪು. ನಾನು ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಮೇಷ್ಟರು "ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್" ಎಂಬ ನುಡಿಗಟ್ಟಿನ ಅರ್ಥ ಕೇಳಿದರು. ತರಗತಿಯಲ್ಲಿ ಅದರ ಮೂಲ ಹೇಳಿದವಳು ನಾನೊಬ್ಬಳೇ. ಬೆಂಕಿ ಹೊತ್ತಿಸುವ ಯಂತ್ರ, ಮರದ ಹಿಡಿ, ನಳಿಗೆ ಸೇರಿದರೆ ಇಡೀ ಕೋವಿ. ನಮ್ಮ ಮನೆಯ ಗೋಡೆಯ ಮೇಲೆ ಅವು ಮೂರೂ ತೂಗುತ್ತಿದ್ದವಲ್ಲ!

ಅಣ್ಣನ ಮಗನ ಕೋವಿ ಬೇರೆ ಜಾತಿಯದು, ರೈಫಲ್. ಅದರ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಹಿಡಿದುಕೊಂಡು ತಿರುಗುತ್ತಾ ಹೊರಬರುತ್ತದೆ. ನೀವು ಚಿಕ್ಕವರಿದ್ದಾಗ ಬೀದಿಯಲ್ಲಿ ಪಂಬರ ಆಡಿದ್ದೀರಿ, ನಾವು ಅದನ್ನು ಬುಗುರಿ ಎನ್ನುತ್ತೇವೆ. ತಿರುಗುತ್ತಿರುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ನಿಂತ ಬುಗುರಿ ಉರುಳುತ್ತದೆ. ಗುಂಡಿನ ಕಥೆಯೂ ಅದೇ.

ಇನ್ನು ಗುಂಡನ್ನು ಆರಿಸುವುದು. ಮೊದಲು ನೋಡಬೇಕಾದದ್ದು ಉದ್ದ. ದುಂಡನೆಯ ಗುಂಡಿಗೆ ನಿಧಾನದ ತಿರುವು ಸಾಕು, ಉದ್ದನೆಯ ಗುಂಡಿಗೆ ಬಿರುಸಿನ ತಿರುವು ಬೇಕು. 1879ರಲ್ಲಿ ಇಂಗ್ಲೆಂಡಿನ ಗ್ರೀನ್‌ಹಿಲ್ ಎಂಬ ಗಣಿತಜ್ಞ ಇದಕ್ಕೊಂದು ಸುಲಭ ಸೂತ್ರ ಕೊಟ್ಟ. ಗುಂಡಿನ ಉದ್ದ ಅದರ ಅಗಲದ ಎಷ್ಟು ಪಟ್ಟು ಎಂದು ನೋಡಿ, 150ನ್ನು ಅದರಿಂದ ಭಾಗಿಸಿ, ಬಂದದ್ದನ್ನು ಅಗಲದಿಂದ ಗುಣಿಸಿ. ಅರ್ಧ ಇಂಚು ಅಗಲದ ದುಂಡು ಗುಂಡಿಗೆ 75 ಇಂಚಿಗೊಂದು ಸುತ್ತು ಸಾಕು. ಅದೇ ಅಗಲದ, ಒಂದು ಇಂಚು ಉದ್ದದ ಗುಂಡಿಗೆ ಮೂವತ್ತೇಳೂವರೆ ಇಂಚಿಗೊಂದು ಸುತ್ತು ಬೇಕು. ಆದ್ದರಿಂದಲೇ ದುಂಡು ಗುಂಡಿನ ರೈಫಲ್‌ಗಳಲ್ಲಿ 66 ಇಂಚಿಗೊಂದು ಸುತ್ತು, ಉದ್ದ ಗುಂಡಿನವುಗಳಲ್ಲಿ 28 ಇಂಚಿಗೊಂದು ಸುತ್ತು ಸಾಮಾನ್ಯ. ಎರಡಕ್ಕೂ ಹೇಗೋ ಒಗ್ಗಿಕೊಳ್ಳುವ 48 ಇಂಚಿನವೂ ಇವೆ. ನಳಿಗೆಯ ತಿರುವು ತಿಳಿಯದೆ ಗುಂಡು ಕೊಂಡರೆ ಅಳತೆ ಕೊಡದೆ ರವಿಕೆ ಹೊಲಿಸಿದ ಹಾಗೆ.

ಎರಡನೆಯದು ಅಗಲ. ಬರಿಮೈ ಗುಂಡು ನಳಿಗೆಯ ಬಾಯಲ್ಲಿ ಹೆಬ್ಬೆರಳಿನ ಒತ್ತಿಗೆ ಬಿಗಿಯಾಗಿ ಇಳಿಯಬೇಕು. ಲೊಡಲೊಡ ಎಂದು ಬಿದ್ದುಹೋಗಬಾರದು, ಸುತ್ತಿಗೆಯಿಂದ ಬಡಿಯುವಷ್ಟು ಬಿಗಿಯೂ ಆಗಬಾರದು. ಒಂದೇ ಹೆಸರಿನ ಅಳತೆಯ ಎರಡು ಕೋವಿಗಳ ನಳಿಗೆಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅದನ್ನು ಅಳೆದೇ ತಿಳಿಯಬೇಕು.

ಮೂರನೆಯದು ಸೀಸ. ಅದು ಮೆತ್ತಗಿನ ಶುದ್ಧ ಸೀಸವಾಗಿರಬೇಕು. ಉಗುರಿನಿಂದ ಗೀಚಿದರೆ ಗೆರೆ ಬೀಳಬೇಕು. ಮದ್ದು ಉರಿದಾಗ ಅದರ ಒತ್ತಡಕ್ಕೆ ಗುಂಡಿನ ಬುಡ ಉಬ್ಬಿ ಗೀರುಗಳನ್ನು ತುಂಬಿಕೊಳ್ಳುತ್ತದೆ. ಗಟ್ಟಿ ಲೋಹವಾದರೆ ಉಬ್ಬುವುದಿಲ್ಲ, ಬಿಸಿಗಾಳಿ ಪಕ್ಕದಿಂದ ನುಸುಳಿ ಗುರಿ ಕೆಡುತ್ತದೆ. ಗುಂಡಿನ ಮೈಗೆ ಜೇನುಮೇಣ ಮತ್ತು ಕೊಬ್ಬು ಬೆರೆಸಿದ ಜಿಡ್ಡು ಹಚ್ಚುತ್ತಾರೆ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಹೋಗದೆ ನಳಿಗೆಗೆ ಅಂಟಿದ ಮಸಿಯನ್ನು ಈ ಜಿಡ್ಡು ಮೆತ್ತಗಿಡುತ್ತದೆ.

ಬುಡ ಉಬ್ಬುವ ಈ ಉಪಾಯ ಎಲ್ಲಿಂದ ಬಂತು ಗೊತ್ತೇ? ನಮ್ಮ ದಕ್ಷಿಣ ಭಾರತದಿಂದ ಎನ್ನುತ್ತಾರೆ ಬಂದೂಕಿನ ಚರಿತ್ರೆ ಬರೆದವರು. ಇಲ್ಲಿದ್ದ ಕ್ಯಾಪ್ಟನ್ ನಾರ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿನ ಜನ ಊದುಕೊಳವೆಯಲ್ಲಿ ಬಳಸುತ್ತಿದ್ದ ಬಾಣಗಳನ್ನು ನೋಡಿದನಂತೆ. ಬಾಣದ ಬುಡದಲ್ಲಿದ್ದ ಮೆತ್ತನೆಯ ಬೆಂಡು ಊದಿದಾಗ ಉಬ್ಬಿ ಗಾಳಿ ಸೋರದಂತೆ ತಡೆಯುತ್ತಿತ್ತು. ಅದನ್ನು ಕಂಡು ಅವನು ಬುಡ ಪೊಳ್ಳಾದ ಗುಂಡನ್ನು ಯೋಚಿಸಿದ. ಮುಂದೆ 1849ರಲ್ಲಿ ಫ್ರಾನ್ಸಿನ ಮಿನಿಯೆ ಅಂಥದೇ ಗುಂಡಿನಿಂದ ಹೆಸರು ಮಾಡಿದ. ಅದೇ ದಾರಿಯಲ್ಲಿ ಬಂದದ್ದು 1853ರ ಎನ್‌ಫೀಲ್ಡ್ ರೈಫಲ್. ಅದರ ಗುಂಡಿಗೆ ಜಿಡ್ಡು ಹಚ್ಚಿದ ಕಾಗದದ ಅಂಗಿ. ಆ ಜಿಡ್ಡು ದನದ್ದೋ ಹಂದಿಯದ್ದೋ ಎಂಬ ಗುಮಾನಿ 1857ರಲ್ಲಿ ಎಲ್ಲಿಗೆ ಮುಟ್ಟಿತು ಎಂಬುದನ್ನು ನೀವು ಶಾಲೆಯಲ್ಲೇ ಓದಿದ್ದೀರಿ.

ಅದೇ ವರ್ಷ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು "ಕೊಡುವುದಿಲ್ಲ" ಎಂದು ನಿಂತರು. ಊರು ಸುಟ್ಟಿತು, ಅನೇಕರನ್ನು ಗಲ್ಲಿಗೇರಿಸಿದರು. ಅವರ ಲಾವಣಿ ಇವತ್ತಿಗೂ ಉತ್ತರ ಕರ್ನಾಟಕದಲ್ಲಿದೆ. ಕೊಡಗಿನವರಿಗೆ ಮಾತ್ರ 1861ರಲ್ಲಿ ಆ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ವಾಡಿಕೆ ಇತ್ತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಕೆಂಪು ಹಳದಿ ಹೂ ಮುಡಿಸಿ ಪೂಜಿಸುತ್ತಾರೆ. ಆ ಹೂ ನಿಮಗೆ ಗೊತ್ತು. ಅದೇ ನಮ್ಮ ತಮಿಳುನಾಡಿನ ರಾಜ್ಯಪುಷ್ಪ ಸೆಂಗಾಂದಳ್!

ಈಗ ತುಂಬುವ ಕ್ರಮಕ್ಕೆ ಬರುತ್ತೇನೆ. ಅಣ್ಣನ ಮಗನಿಗೆ ಫೋನಿನಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ನಳಿಗೆಯಲ್ಲಿ ಏನೂ ಇಲ್ಲವೆಂದು ಗಜ ಇಳಿಸಿ ನೋಡಬೇಕು. ಆಮೇಲೆ ಎಣ್ಣೆ ಒರೆಸಿ, ಒಣಗಿಸಿ, ಬರಿಯ ಕೇಪು ಒಂದೆರಡು ಸಿಡಿಸಿ ಬೆಂಕಿಯ ದಾರಿ ತೆರೆದಿದೆಯೇ ಎಂದು ತಿಳಿಯಬೇಕು. ಮದ್ದನ್ನು ಡಬ್ಬಿಯಿಂದ ನೇರ ಸುರಿಯಬಾರದು, ಅಳತೆಯ ಪಾತ್ರೆಗೆ ಹಾಕಿಯೇ ಸುರಿಯಬೇಕು. ಒಳಗೆ ಒಂದು ಕಿಡಿ ಉಳಿದಿದ್ದರೂ ಡಬ್ಬಿಯೇ ಸಿಡಿದೀತು. ಆ ಕೋವಿಗೆ ಹೇಳಿದ ಕರಿಮದ್ದೋ ಅದರ ಬದಲಿಯೋ ಮಾತ್ರ. ಈಗಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆಯೇ ಒಡೆಯುತ್ತದೆ. ಎಷ್ಟು ಹಾಕಬೇಕೆಂಬುದು ಕೋವಿ ಮಾಡಿದವರ ಪುಸ್ತಕದಲ್ಲಿರುತ್ತದೆ, ಕೆಳಗಿನ ಅಳತೆಯಿಂದ ಶುರುಮಾಡಬೇಕು. ಗುಂಡು ಓರೆಯಾಗದಂತೆ ಬಾಯಲ್ಲಿ ಕೂರಿಸಿ, ಗಜವನ್ನು ಬಾಯಿಯ ಹತ್ತಿರವೇ ಹಿಡಿದು ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ತುದಿಯಲ್ಲಿ ಹಿಡಿದು ಜೋರಾಗಿ ತಳ್ಳಿದರೆ ಕಡ್ಡಿ ಮುರಿದು ಅಂಗೈಗೆ ಹೊಕ್ಕೀತು. ನಳಿಗೆಯ ಬಾಯಿಯ ಮೇಲೆ ಮುಖ ತರಲೇಬಾರದು. ಕೇಪು ಎಲ್ಲಕ್ಕಿಂತ ಕೊನೆಗೆ, ಗುರಿ ಹಿಡಿಯುವ ಜಾಗದಲ್ಲಿ ಮಾತ್ರ. ಹೊಡೆದಾಗ ಸಿಡಿಯದಿದ್ದರೆ ಒಂದು ನಿಮಿಷವಾದರೂ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು.

ಎಲ್ಲಕ್ಕಿಂತ ದೊಡ್ಡ ಮಾತು, ಗುಂಡು ಮದ್ದಿನ ಮೇಲೆಯೇ ಕೂತಿರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಬರಿಮೈ ಗುಂಡಿಗೆ ಇಲ್ಲೊಂದು ದುರ್ಗುಣವಿದೆ. ಕೋವಿಯ ಬಾಯಿ ಕೆಳಗಾಗಿ ಹಿಡಿದು ನಡೆದರೆ ಅದು ಮೆಲ್ಲಗೆ ಮುಂದಕ್ಕೆ ಜಾರಬಹುದು. ಇದಕ್ಕೆ ಉಪಾಯ ಗಜದ ಮೇಲೆ ಎರಡು ಗುರುತು. ಖಾಲಿ ನಳಿಗೆಗೆ ಒಂದು, ತುಂಬಿದ ನಳಿಗೆಗೆ ಒಂದು. ನಡುನಡುವೆ ಕೇಪು ತೆಗೆದು ಗಜ ಇಳಿಸಿ ನೋಡಿದರೆ ಗುಂಡು ಎಲ್ಲಿದೆ ಎಂದು ಕಡ್ಡಿಯೇ ಹೇಳುತ್ತದೆ.

ಈ ಗುರುತಿನ ಮಹತ್ವ ನನಗೆ ಪುಸ್ತಕದಿಂದ ತಿಳಿದದ್ದಲ್ಲ. 1999ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಬೇಸಿಗೆ ರಜೆಗೆ ನಾನು ಇಲ್ಲಿಂದ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಅಪ್ಪಯ್ಯ ಜಗಲಿಯಲ್ಲಿ ಮಲಗಿ ಎಡಗೈಯಿಂದ ಗೋಡೆಯ ಕೋವಿ ತೋರಿಸಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದರು. "ಕೋವಿ ಮಾರಬೇಡಿ ಅಂತಿದ್ದಾರೆ" ಎಂದಳು ಅಮ್ಮ. "ಮಾರುವುದಿಲ್ಲ ಅಪ್ಪಯ್ಯ" ಎಂದು ಅಣ್ಣಯ್ಯ ಕಿವಿಯ ಬಳಿ ಕೂಗಿ ಹೇಳುತ್ತಿದ್ದ. ಅವರು ಮತ್ತೂ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು, ಕಣ್ಣಲ್ಲಿ ನೀರು ಬರುತ್ತಿತ್ತು. ಏಳು ವರ್ಷದ ನನ್ನ ಮಗ ಒಂದು ದಿನ ಕುರ್ಚಿ ಹತ್ತಿ ಅದನ್ನು ಇಳಿಸಿ, ನಳಿಗೆಯ ಬಾಯಿಗೆ ಕಣ್ಣಿಟ್ಟು "ಅಮ್ಮಾ, ಒಳಗೆ ಕತ್ತಲೆ" ಎಂದ. ನಾನು ನಕ್ಕುಬಿಟ್ಟೆ. ಅಪ್ಪಯ್ಯ ಗಂಟಲಿನಿಂದ ಎಂಥದೋ ಸದ್ದು ಮಾಡಿದರು. ಮೊಮ್ಮಗನ ಆಟ ನೋಡಿ ಸಂತೋಷಪಟ್ಟರು ಎಂದುಕೊಂಡೆ.

2001ರಲ್ಲಿ ಅವರು ತೀರಿಕೊಂಡರು. ಲೈಸೆನ್ಸ್ ವರ್ಗಾವಣೆಗೆ ಮುಂಚೆ ಕೋವಿಯನ್ನು ತೋರಿಸೋಣವೆಂದು ಅಣ್ಣಯ್ಯ ರಿಪೇರಿಯವರ ಹತ್ತಿರ ಒಯ್ದ. ಅವರು ಮೊದಲು ಗಜ ಇಳಿಸಿದರು. ಅದು ತಳ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೆಯೇ ನಿಂತಿತು. ಬೆಂಕಿಯ ತೂತಿನಿಂದ ನೀರು ಬಿಟ್ಟು, ತಿರುಪು ಕಡ್ಡಿಯಿಂದ ಒಂದೊಂದಾಗಿ ಎಳೆದರು. ನಾರು, ಒಂದು ಹಿಡಿ ಚರೆ, ಮತ್ತೆ ನಾರು, ಕಡೆಗೆ ಮದ್ದು. ಗದ್ದೆಗೆ ನುಗ್ಗುವ ಹಂದಿಯನ್ನು ಸದ್ದು ಮಾಡಿ ಹೆದರಿಸಲು ಯಾವುದೋ ರಾತ್ರಿ ತುಂಬಿಟ್ಟ ಈಡು. ಹಂದಿ ಬರಲಿಲ್ಲ, ಲಕ್ವ ಬಂತು. ಎರಡು ವರ್ಷ ಅಪ್ಪಯ್ಯ ಹೇಳುತ್ತಿದ್ದದ್ದು "ಮಾರಬೇಡಿ" ಎಂದಲ್ಲ, "ಮುಟ್ಟಬೇಡಿ" ಎಂದು.

ತೊಟ್ಟಿನ ಮೇಲೆ ಕೇಪು ಇರಲಿಲ್ಲ, ಅದೇ ನಮ್ಮ ಪುಣ್ಯ. ಆದರೂ ಮಗನ ಆ ಮಾತು ನೆನಪಾದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ. ಅವನಿಗೆ ಈಗ ಮದುವೆಯಾಗಿದೆ.

ಆದ್ದರಿಂದ ಅಣ್ಣನ ಮಗನಿಗೆ ಹೇಳಿದೆ: "ಗುಂಡು ಯಾವುದಾದರೂ ಆರಿಸಿಕೋ ಮಗಾ. ಆದರೆ ಮೊದಲು ಗಜ ಇಳಿಸಿ ನೋಡು. ಮನೆಗೆ ಬರುವಾಗ ಖಾಲಿ ಮಾಡಿಯೇ ತಾ. ತುಂಬಿದ್ದರೆ ಪಕ್ಕದವನಿಗೆ ಬಾಯಿಬಿಟ್ಟು ಹೇಳು." ಅವನು ಸುಮ್ಮನಿದ್ದ. ಆಮೇಲೆ, "ಅಜ್ಜಯ್ಯನ ಈ ಕಥೆ ನನಗೆ ಯಾರೂ ಹೇಳಿರಲಿಲ್ಲ ಅತ್ತೆ" ಎಂದ.

ನಿಮಗೆ ಇಲ್ಲಿ ಕೋವಿ ಹಿಡಿಯುವ ಪ್ರಸಂಗ ಬರಲಾರದು, ಬರುವುದೂ ಬೇಡ. ನಮ್ಮ ದೇಶದಲ್ಲಿ ಬೇಟೆಗೆ ನಿಷೇಧವಿದೆ, ಕೇಪಿನ ಕೋವಿಗೂ ಲೈಸೆನ್ಸ್ ಬೇಕು. ನೋಡುವ ಆಸೆಯಿದ್ದರೆ ಒಂದು ಭಾನುವಾರ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ತಂಜಾವೂರಿನ ಶಸ್ತ್ರಾಗಾರದಿಂದ ಬಂದ ಆಯುಧಗಳಿವೆ. ಆದರೆ ಊರಿನ ಹಳೆಯ ಮನೆಯ ಅಟ್ಟದಲ್ಲೋ ಗೋಡೆಯ ಮೇಲೋ ಕೋವಿಯೊಂದು ಉಳಿದಿದ್ದರೆ, ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವ ಮುಂಚೆ ಗೊತ್ತಿದ್ದವರನ್ನು ಕರೆಸಿ ಗಜ ಇಳಿಸಿ ನೋಡಿಸಿ. ಮನೆಯ ಅಜ್ಜನಿಗೆ ಇನ್ನೂ ಮಾತು ಬರುತ್ತಿದ್ದರೆ, ಇವತ್ತೇ ಹತ್ತಿರ ಕೂತು ಕೇಳಿ: "ಅಜ್ಜಾ, ಇದರೊಳಗೆ ಏನಿದೆ?"

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡುಗೆಮನೆಗೆ ಬರುತ್ತೇನೆ.