ಕಡಲ ನಡುವಿನ ಇಗರ್ಜಿ

ಬೇಗಂಪೇಟೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಡಲೆಂದರೆ ಹುಸೇನ್ ಸಾಗರವೇ. ರಜೆಗೆ ಅವರನ್ನು ಕಾರವಾರಕ್ಕೆ ಕರೆದೊಯ್ಯುವ ಹಿರಿಯರು ಅಂಜದೀವ ದ್ವೀಪದ ಕತೆಯನ್ನು ತಪ್ಪದೆ ಹೇಳತಕ್ಕದ್ದು. ಆಡಳಿತಕ್ಕೆ ಗೋವೆಯದಾದರೂ ಅದಿರುವುದು ನಮ್ಮ ಬಿಣಗಾ ಊರಿನ ಎದುರಿಗೇ.

1498ರಲ್ಲಿ ವಾಸ್ಕೊ ಡ ಗಾಮ ಸ್ವದೇಶಕ್ಕೆ ಮರಳುವಾಗ ಅಲ್ಲಿ ತಂಗಿ, ಹಡಗು ದುರಸ್ತಿ ಮಾಡಿಸಿ, ಸಿಹಿನೀರು ತುಂಬಿಕೊಂಡನು. ಉಪ್ಪುನೀರಿನ ನಡುವೆ ಒರತೆ! ಮುಂದೆ ಪೋರ್ಚುಗೀಸರು ಕಟ್ಟಿದ ಇಗರ್ಜಿಗೆ ‘ಒರತೆಗಳ ಮಾತೆ’ ಎಂದೇ ಹೆಸರಾಯಿತು. ನೀರೇನೋ ಒಳ್ಳೆಯದು, ಹವೆ ಹಾಗಲ್ಲ. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ದಂಡು 1662ರಿಂದ ಎರಡು ವರ್ಷಕ್ಕೂ ಮೇಲ್ಪಟ್ಟು ಇಲ್ಲೇ ಕಾದು ಕುಳಿತಿತು. ಬಹುಪಾಲು ಮಂದಿ ಕಾಯಿಲೆ ಬಿದ್ದು ಸತ್ತರು, ದಂಡನಾಯಕ ಶಿಪ್‌ಮನ್ನನೂ ಉಳಿಯಲಿಲ್ಲ.

1961ರ ಡಿಸೆಂಬರ್ 18ರಂದು ‘ತ್ರಿಶೂಲ್’, ‘ಮೈಸೂರು’ ಎಂಬ ನಮ್ಮ ಯುದ್ಧನೌಕೆಗಳು ದ್ವೀಪದ ಮೇಲೆ ಏರಿಹೋದವು. ಅದನ್ನು ಬಿಡಿಸಿಕೊಳ್ಳುವಲ್ಲಿ ನೌಕಾಪಡೆಯ 7 ಮಂದಿ ಪ್ರಾಣತೆತ್ತರು.

ಅನಂತರವೂ ಫೆಬ್ರವರಿ 2ರ ಹಬ್ಬಕ್ಕೆ ಭಕ್ತರು ದೋಣಿಯೇರಿ ಹೋಗುತ್ತಿದ್ದುದುಂಟು. ದ್ವೀಪವು ನೌಕಾನೆಲೆಗೆ ಸೇರಿದ ಮೇಲೆ ಅದು ನಿಂತಿತು. ಈಗ ಅಲೆತಡೆಯ ಕಟ್ಟೆ ದ್ವೀಪವನ್ನು ದಡಕ್ಕೆ ಜೋಡಿಸಿದೆ. ದಾರಿ ಆಯಿತು, ಜನರಿಗೆ ಪ್ರವೇಶ ಹೋಯಿತು! ದೇಶರಕ್ಷಣೆಯ ಮಾತಿಗೆ ಎದುರಾಡುವಂತಿಲ್ಲ, ನಿಜ. ಆದರೆ ಪಾಳುಬಿದ್ದ ಇಗರ್ಜಿ ಕಾರವಾರದ ಮಳೆಗೆ ಇನ್ನೆಷ್ಟು ಕಾಲ ತಡೆದೀತು? ವರ್ಷಕ್ಕೊಂದು ದಿನ, ಕಾವಲಿನಲ್ಲೇ ಆಗಲಿ, ಹಬ್ಬದ ದೋಣಿಗಳನ್ನು ಬಿಟ್ಟರೆ ನಷ್ಟವೇನೋ ನಾನು ಕಾಣೆ. ಅದೇ ದೋಣಿಯಲ್ಲಿ ಇಬ್ಬರು ಗಾರೆ ಕೆಲಸದವರನ್ನೂ ಕೂರಿಸಿ ಕಳುಹಿಸಬಹುದು.